ಅಪ್ಪ ತುಳಿದ ಸೀರೆ

ಮೈಕ್ ಹಿಡಿದಾಗ ನನಗೆ ಭಯವಾಗುವುದಿಲ್ಲ, ವೇದಿಕೆಯಿಂದ ಇಳಿದ ಮೇಲೆ ಆಗುತ್ತದೆ. ಹಾಡುವಾಗ ಬಾಯಿ ತನ್ನ ಪಾಡಿಗೆ ತಾನು ಓಡುತ್ತಿರುತ್ತದೆ, ಹೆದರಲು ಪುರುಸೊತ್ತಿರುವುದಿಲ್ಲ. ಕೆಳಗಿಳಿದು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ, ಅಯ್ಯೋ, ಏನು ಹೇಳಿಬಿಟ್ಟೆ, ಯಾರು ಕೇಳಿಸಿಕೊಂಡರೋ ಎಂಬ ಭಯ ಶುರುವಾಗುತ್ತದೆ. ಹಿಪ್ ಹಾಪ್ ಹಾಡುವವರೆಂದರೆ ಎದೆಯುಬ್ಬಿಸಿ ಓಡಾಡುವ ಗಟ್ಟಿಗರು ಎಂದು ಜನ ತಿಳಿದಿದ್ದಾರೆ. ನಾನು ಬಾಗಿಲು ಬಡಿದರೂ ಬೆಚ್ಚುವವಳು. ನನ್ನ ಹತ್ತಿರ ಹಾಡು ಕಲಿಯುವ ಹುಡುಗಿಯರಿಗೆ ಇದು ಗೊತ್ತು, ಆಡಿಕೊಂಡು ನಗುತ್ತಾರೆ.

ಕೊಯಮತ್ತೂರು ಕಡೆಯ ಕಾರಮಡೈಯಿಂದ ಸ್ವಲ್ಪ ದೂರದಲ್ಲಿ ನೇಕಾರರ ಬೀದಿಯೊಂದರಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಅಡುಗೆಮನೆ, ನಡುವೆ ಉಳಿದ ಜಾಗದಲ್ಲಿ ಅಪ್ಪ, ಅಮ್ಮ, ನಾನು. ಸಂದರ್ಶನ ಮಾಡಲು ಬಂದವರೆಲ್ಲ ನಿಮ್ಮ ತಾಳ ಮಗ್ಗದ ಸದ್ದಿನಿಂದ ಬಂದದ್ದಲ್ಲವೇ ಎಂದು ಕೇಳುತ್ತಾರೆ. ಹೌದು ಅಂದರೆ ಅವರ ಮುಖ ಅರಳುತ್ತದೆ, ಆದ್ದರಿಂದ ಹೌದು ಅನ್ನುತ್ತೇನೆ. ನಿಜ ಹೇಳಬೇಕೆಂದರೆ ಅದು ಬಂದದ್ದು ಮೇಟ್ಟುಪಾಳಯಂ ಟೌನ್ ಬಸ್ಸಿನ ಸ್ಪೀಕರಿನಿಂದ. ಮಗ್ಗದ ಸದ್ದಿಗೆ ಕಿವಿಯಲ್ಲಿ ಹತ್ತಿ ತುರುಕಿಕೊಂಡು ಪರೀಕ್ಷೆಗೆ ಓದಿದವಳು ನಾನು.

ನನಗೆ ಕಂಪನಿಯೂ ಇಲ್ಲ, ಮ್ಯಾನೇಜರೂ ಇಲ್ಲ, ಸ್ಟುಡಿಯೋ ಅಂತೂ ಇಲ್ಲವೇ ಇಲ್ಲ. ಬೀರುವಿನ ಬಾಗಿಲು ತೆರೆದು, ಮೇಲಿನಿಂದ ಕಂಬಳಿ ಇಳಿಬಿಟ್ಟು, ಅಮ್ಮನ ಸೀರೆಗಳ ನಡುವೆ ತಲೆ ತೂರಿಸಿ ರೆಕಾರ್ಡ್ ಮಾಡುತ್ತೇನೆ. ನನ್ನ ಎರಡನೆಯ ಹಾಡಿನಲ್ಲಿ ನಮ್ಮ ಮನೆಯ ಕುಕ್ಕರ್ ಕೂಗಿದ್ದು ಹಾಗೇ ಉಳಿದಿದೆ. ಎಂಥ ಐಡಿಯಾ ಎಂದು ಕೊಯಮತ್ತೂರಿನ ಒಬ್ಬರು ಹೊಗಳಿದರು, ನಾನು ಸುಮ್ಮನೆ ಒಪ್ಪಿಕೊಂಡೆ.

ಹೊಟ್ಟೆ ತುಂಬಿಸುವುದು ಪಾಠ. ತೊಂಡಾಮುತ್ತೂರಿನ ಕಡೆಯ ಶಾಲೆಗಳು, ತಿರುಪ್ಪೂರಿನ ಬನಿಯನ್ ಕಂಪನಿಗಳ ಹಾಸ್ಟೆಲುಗಳು, ಕರೆದಲ್ಲಿಗೆ ಹೋಗಿ ಮಕ್ಕಳಿಗೆ ಹಾಡು ಕಟ್ಟುವುದನ್ನು ಹೇಳಿಕೊಡುತ್ತೇನೆ. ಶನಿವಾರ ಸಂಜೆ ನಮ್ಮ ಬೀದಿಯ ಸಮುದಾಯ ಭವನದಲ್ಲಿ ನಮ್ಮ ಹುಡುಗಿಯರಿಗೇ ತರಗತಿ. ಎಲ್ಲ ಕಡೆಯೂ ನನ್ನದೊಂದು ನಿಯಮವಿದೆ: ಮನೆಯಲ್ಲಿ ನಿಮ್ಮನ್ನು ಯಾವ ಭಾಷೆಯಲ್ಲಿ ಬಯ್ಯುತ್ತಾರೋ, ಮೊದಲ ಹಾಡು ಆ ಭಾಷೆಯಲ್ಲಿರಬೇಕು. ತೆಲುಗಿನಲ್ಲಿ ಬೈಸಿಕೊಳ್ಳುವವಳು ತೆಲುಗಿನಲ್ಲಿ, ಒಡಿಯಾದಲ್ಲಿ ಬೈಸಿಕೊಳ್ಳುವವಳು ಒಡಿಯಾದಲ್ಲಿ. ಮೊದಮೊದಲು ನಾಚಿಕೊಳ್ಳುತ್ತಾರೆ, ಆಮೇಲೆ ನಿಲ್ಲಿಸು ಅಂದರೂ ನಿಲ್ಲಿಸುವುದಿಲ್ಲ.

ನನ್ನನ್ನು ಬಯ್ಯುವುದು ಕನ್ನಡದಲ್ಲಿ. ಎಷ್ಟೋ ತಲೆಮಾರಿನಿಂದ ನಾವು ಇಲ್ಲಿಯವರೇ. ಶಾಲೆ, ಅಂಗಡಿ, ಬೀದಿ ಎಲ್ಲ ತಮಿಳು, ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ. ಅದರ ಅಕ್ಷರ ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಉಟ್ಟ ಸೀರೆ ನಕಲಿ ರೇಷ್ಮೆ ಎಂದು ಅಮ್ಮ ಅವರ ಮುಂದೆಯೇ ನಗುನಗುತ್ತಾ ಕನ್ನಡದಲ್ಲಿ ಹೇಳುತ್ತಾಳೆ. ಹೆಣ್ಣು ನೋಡಲು ಬಂದ ಹುಡುಗನ ತಲೆಗೂದಲ ವಿಚಾರವನ್ನು ನಾವು ಅವನೆದುರಿಗೇ ಚರ್ಚಿಸಿದ್ದೇವೆ. ಕನ್ನಡದಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂಬ ಧೈರ್ಯದಲ್ಲೇ ನಾವು ಬೆಳೆದದ್ದು. ನನ್ನ ಗ್ರಹಚಾರ ಶುರುವಾದದ್ದು ಈ ಧೈರ್ಯದಿಂದ.

ನಮ್ಮ ಬೀದಿಯ ಬಹುಪಾಲು ಮಗ್ಗಗಳಿಗೆ ಹಾಸು ಕೊಡುವವರು ಒಬ್ಬರೇ. ಹಾಸು ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಯುವ ರೇಷ್ಮೆ ಎಳೆಗಳು. ನಮ್ಮ ಮಾತಿನಲ್ಲಿ ಅದು ಪಾವು, ಮಗ್ಗ ತರಿ, ಆ ಮನುಷ್ಯ ಮೊದಲಾಳಿ. ರೇಷ್ಮೆ ಅವರದು, ನೆಯ್ಗೆ ನಮ್ಮದು, ನೆಯ್ದ ಸೀರೆ ಮತ್ತೆ ಅವರದು. ಒಂದು ಹಾಸು ಮುಗಿಯುವ ಮುಂಚೆ ಇನ್ನೊಂದು ಬರಬೇಕು, ಹಳೆಯ ಎಳೆಯ ತುದಿಗೆ ಹೊಸ ಎಳೆ ಕೂಡಿಸಬೇಕು. ಅವರಿಗೆ ಯಾರ ಮೇಲಾದರೂ ಸಿಟ್ಟು ಬಂದರೆ ಬಯ್ಯುವುದಿಲ್ಲ. "ನೂಲು ಇನ್ನೂ ಬಂದಿಲ್ಲಪ್ಪ" ಅನ್ನುತ್ತಾರೆ. ಆ ಮನೆಯ ಮಗ್ಗ ನಿಲ್ಲುತ್ತದೆ. ಅವರೂ ನಮ್ಮವರೇ, ಅವರ ಮನೆಯಲ್ಲೂ ಕನ್ನಡವೇ. ಅಪ್ಪ ಅವರನ್ನು ಅಣ್ಣ ಅನ್ನುತ್ತಿದ್ದ, ನಾನು ದೊಡ್ಡಪ್ಪ. ಬೀದಿಯಲ್ಲಿ ಕಂಡರೆ "ಏನ್ ಕಣ್ಣು, ಉಂಡ್ಯಾ?" ಎಂದು ಅಕ್ಕರೆಯಿಂದ ಕೇಳದೆ ಹೋಗುತ್ತಿರಲಿಲ್ಲ.

ಒಂದು ಸಂಜೆ ಅಪ್ಪ ಸೀರೆ ಒಪ್ಪಿಸಿ ಬಂದವನು ಮಾತಿಲ್ಲದೆ ಹಿತ್ತಲಿಗೆ ಹೋದ. ನಾನು ಬೀರುವಿನೊಳಗೆ ತಲೆ ತೂರಿಸಿಕೊಂಡಿದ್ದೆ, ಕಿವಿಗೆ ಹೆಡ್‌ಫೋನ್ ಇನ್ನೂ ಹಾಕಿರಲಿಲ್ಲ. ಕಾಲು ತೊಳೆಯುವ ನೀರಿನ ಸದ್ದು ನಿಲ್ಲಲೇ ಇಲ್ಲ. "ಏನಾಯ್ತೂಂದ್ರೆ?" ಎಂದು ಅಮ್ಮ ಮೂರ್ನಾಲ್ಕು ಸಲ ಕೇಳಿದ ಮೇಲೆ ಅಪ್ಪ ಹೇಳಿದ. ಸೆರಗಿನ ಹತ್ತಿರ ಒಂದು ಎಣ್ಣೆಯ ಚುಕ್ಕೆ ಇತ್ತಂತೆ. ಮೊದಲಾಳಿ ಸೀರೆಯನ್ನು ಬಿಚ್ಚಿ ಅಂಗಡಿಯ ಹೊಸಿಲ ಮೇಲೆ ಎಸೆದರಂತೆ, ಇದರ ಮೇಲೆ ತುಳಿದುಕೊಂಡೇ ಹೊರಗೆ ಹೋಗು ಅಂದರಂತೆ. ಬೀದಿಯವರು ಕೆಲವರು ಅಲ್ಲೇ ಕೂತಿದ್ದರಂತೆ.

"ನೀವೇನ್ ಮಾಡಿದ್ರಿ?" ಅಂದಳು ಅಮ್ಮ.

"ತುಳ್ದೆ" ಅಂದ ಅಪ್ಪ.

ನಮ್ಮಲ್ಲಿ ಮಗ್ಗಕ್ಕೆ ಕೂರುವ ಮುಂಚೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಚಿಕ್ಕವಳಿದ್ದಾಗ ನೆಯ್ದ ಬಟ್ಟೆಗೆ ನನ್ನ ಕಾಲು ತಾಗಿದ್ದಕ್ಕೆ ಅಪ್ಪ ಒಮ್ಮೆ ಹೊಡೆದಿದ್ದ, ಅವನು ನನ್ನನ್ನು ಹೊಡೆದದ್ದು ಅದೊಂದೇ ಸಲ. ಅಂಥವನು ತಾನೇ ನೆಯ್ದ ಸೀರೆಯನ್ನು ತುಳಿದು ಬಂದಿದ್ದ. ನಾನು ಬೀರುವಿನೊಳಗೇ ನಿಂತಿದ್ದೆ. ನನಗೆ ಕೇಳಿಸಿದೆ ಎಂದು ಅವನಿಗೆ ಗೊತ್ತಾದರೆ ಇನ್ನು ಹೇಗೆ ಮುಖ ನೋಡುತ್ತಾನೆ ಎಂದು ಗಾಬರಿಯಾಗಿತ್ತು. ಅಪ್ಪ ಮಗ್ಗಕ್ಕೆ ಮರಳಿದ ಸದ್ದು ಕೇಳಿದ ಮೇಲೆಯೇ ಹೊರಗೆ ಬಂದೆ.

ಅದು ನನ್ನೊಳಗೇ ಕೂತು ಹಾಡಾಯಿತು. ಮನೆಮಾತಿನಲ್ಲಿ, ಯಾರಿಗೂ ತೋರಿಸದೆ, ಸದ್ದಿಲ್ಲದೆ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆ:

ಕಣ್ಗೊತ್ತಿ ಕೂತ ತರೀ ಮುಂದೆ,
ತುಳ್ದ ಸೀರೆ ಬಿಟ್ ಬಂದ ಹಿಂದೆ.
ತುಳೀ ಅಂದೋರು ಮೆತ್ತೆ ಮ್ಯಾಲೆ,
ತುಳ್ದೋರು ತೊಳೀತವ್ರೆ ಇನ್ನೂ ಕಾಲೆ.

ಇದರ ಮುಂದೆ ಇನ್ನೂ ಸಾಲುಗಳಿದ್ದವು. ಎಣ್ಣೆಯ ಚುಕ್ಕೆ ಇತ್ತು, ಹೊಸಿಲು ಇತ್ತು, "ನೂಲು ಇನ್ನೂ ಬಂದಿಲ್ಲಪ್ಪ" ಎಂಬ ಮಾತನ್ನೂ ಇದ್ದಹಾಗೇ ಹಾಕಿದ್ದೆ. ಹೆಸರೊಂದು ಇರಲಿಲ್ಲ, ಅಷ್ಟೇ.

ತಿರುಪ್ಪೂರಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಹೊಲಿಗೆ ಕೆಲಸದ ಹುಡುಗಿಯರ ಕಾರ್ಯಕ್ರಮ. ಅವರೆಲ್ಲ ತಮ್ಮ ತಮ್ಮ ಮನೆಮಾತಿನಲ್ಲಿ ಹಾಡಿ ಮುಗಿಸಿ, ಅಕ್ಕಾ, ನಿಮ್ಮದು ಎಲ್ಲಿ, ನಿಯಮ ನಮಗೆ ಮಾತ್ರವಾ ಎಂದು ಗಲಾಟೆ ಮಾಡಿದರು. ನಾನು ಸಭೆಯನ್ನು ನೋಡಿದೆ. ತಮಿಳರು, ಬಿಹಾರದವರು, ಒಡಿಶಾದವರು. ಇಲ್ಲಿ ಯಾರಿಗೆ ತಿಳಿದೀತು ಎಂದುಕೊಂಡೆ. ಬಸ್ಸಿನಲ್ಲಿ ಅಮ್ಮನಿಗೆ ಬರುವ ಧೈರ್ಯವೇ ನನಗೂ ಬಂತು. ಪೂರ್ತಿ ಹಾಡಿದೆ. ಅರ್ಥವಾಗದಿದ್ದರೂ ಹುಡುಗಿಯರು ಕೊನೆಯ ಸಾಲನ್ನು ನನ್ನ ಜೊತೆ ಕೂಗಿದರು.

ಕಾರ್ಯಕ್ರಮವೆಲ್ಲ ಮುಗಿದು, ಸಂಜೆ ಹೊರಡುವ ಮುಂಚೆ ನೀರು ಕುಡಿಯುತ್ತಿದ್ದಾಗ ಕನ್ನಡಕ ಹಾಕಿದ ಒಬ್ಬ ಯುವಕ ಮುಂದೆ ಬಂದು ನಿಂತ. ದಾವಣಗೆರೆ ಕಡೆಯವನು, ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಕೆಲಸಕ್ಕೆಂದು ಇತ್ತೀಚೆಗೆ ತಿರುಪ್ಪೂರಿಗೆ ಬಂದವನು.

"ಮೇಡಂ, ನೀವು ಕನ್ನಡದವರಾ? ಇಲ್ಲಿ ಕನ್ನಡದಲ್ಲಿ ರ‍್ಯಾಪ್ ಕೇಳ್ತೀನಿ ಅಂತ ಅಂದ್ಕೊಂಡೇ ಇರಲಿಲ್ಲ. ಎಲ್ಲಾ ಅರ್ಥ ಆಯ್ತು ಮೇಡಂ."

ಹೊಗಳಿಕೆಯೇ. ನಾನು ಮಾತ್ರ ಮೊದಲು ಅವನ ಕೈಯಲ್ಲಿದ್ದ ಫೋನ್ ನೋಡಿದೆ. ವಿಡಿಯೋ ಮಾಡಿದಿರಾ ಎಂದು ಕೇಳಿದೆ. ಮಾಡಿದ್ದಷ್ಟೇ ಅಲ್ಲ, ಸಾಲುಸಾಲನ್ನೂ ಕೆಳಗೆ ಬರೆದು ಆಗಲೇ ನೆಟ್ಟಿಗೆ ಹಾಕಿಬಿಟ್ಟಿದ್ದ, ನಗುನಗುತ್ತಾ ಫೋನ್ ನನ್ನ ಮುಂದೆ ಹಿಡಿದ. ಅದರಲ್ಲಿ ನಾನು ಬಾಯಿ ಆಡಿಸುತ್ತಿದ್ದೆ, ಕೆಳಗೆ ದುಂಡುದುಂಡಾದ ಅಕ್ಷರಗಳು ಓಡುತ್ತಿದ್ದವು. ನನ್ನದೇ ಮಾತು, ನನಗೇ ಓದಲು ಬರುತ್ತಿರಲಿಲ್ಲ. ತೆಗೆದುಬಿಡಿ ಎಂದು ಕೈ ಮುಗಿದೆ. ಪಾಪ, ಯಾಕೆಂದು ತಿಳಿಯದೆ ಪೆಚ್ಚಾದ, ತಕ್ಷಣ ತೆಗೆದ. ಅಷ್ಟರಲ್ಲಿ ಯಾರ್ಯಾರೋ ಇಳಿಸಿಕೊಂಡು ಮುಂದಕ್ಕೆ ಕಳಿಸಿಯಾಗಿತ್ತು. ಕರ್ನಾಟಕದಲ್ಲಿ ಸುತ್ತಾಡಿದ ಹಾಡು ಬೆಂಗಳೂರಿನ ಯಾರದೋ ನೆಂಟರ ವಾಟ್ಸಾಪ್ ಗುಂಪಿನ ಮೂಲಕ ನಮ್ಮ ಬೀದಿಗೆ ಬಂತು. ಅದನ್ನು ನಮ್ಮ ಬೀದಿಯಲ್ಲಿ ಅರ್ಥ ಮಾಡಿಕೊಳ್ಳಲು ಯಾರಿಗೂ ಅಕ್ಷರ ಬೇಕಿರಲಿಲ್ಲ.

(ಮುಂದೆ ಆ ಯುವಕನೇ ನನಗೆ ಫೋನಿನಲ್ಲಿ ಅಕ್ಷರ ಹೇಳಿಕೊಟ್ಟ. ನನ್ನ ಒತ್ತಕ್ಷರ ನೋಡಿ ಈಗಲೂ ನಗುತ್ತಾನೆ.)

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನಗೆ ಊಟ ಸೇರುವುದಿಲ್ಲ. ಹೆದರಿಕೆ ಒಂದೇ ಕಡೆಯಿಂದ ಇದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಮೊದಲಾಳಿ ಹಾಸು ನಿಲ್ಲಿಸುತ್ತಾರೆ ಎಂಬುದು ಒಂದು. ಅಪ್ಪನಿಗೆ ಗೊತ್ತಾಗುತ್ತದೆ ಎಂಬುದು ಇನ್ನೊಂದು, ಅದೇ ದೊಡ್ಡದು. ಅಪ್ಪನ ಹತ್ತಿರ ಇದ್ದದ್ದು ಬಟನ್ ಫೋನು, ಅದರಲ್ಲಿ ವಿಡಿಯೋ ಬರುವುದಿಲ್ಲ. ಆದರೂ ಅವನು ಟೀ ಅಂಗಡಿಗೆ ಹೋಗಿ ಬಂದಾಗ ಮುಖ ನೋಡಲು ಹೆದರಿ ಅಡುಗೆಮನೆ ಸೇರುತ್ತಿದ್ದೆ. ಬೀದಿಯಲ್ಲಿ ಬೈಕ್ ನಿಂತರೆ ಕಿಟಕಿಯಿಂದ ಇಣುಕುತ್ತಿದ್ದೆ.

ಶನಿವಾರ ಭವನದ ಬಾಗಿಲು ತೆರೆದು ಕೂತೆ. ಒಬ್ಬಳೂ ಬರಲಿಲ್ಲ. ಸ್ಪೀಕರ್ ಹಾಕಿ, ಆರಿಸಿ, ಮತ್ತೆ ಹಾಕಿದೆ. ಕೊನೆಗೆ ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಬಂದು ಹೊಸಿಲಾಚೆ ನಿಂತಳು. ಜಗಳಕ್ಕೆ ಬಂದಿರಲಿಲ್ಲ, ಕಣ್ಣು ತುಂಬಿಕೊಂಡು ಬಂದಿದ್ದಳು.

"ತಪ್ಪ್ ತಿಳ್ಕೋಬ್ಯಾಡ ಕಣ್ಣು. ನಮ್ಮನೇಗೂ ಅವ್ರದೇ ಪಾವು. ಮಗೀನ ಕಳ್ಸಕ್ಕೆ ಬಯ ಆಗುತ್ತೆ."

ಪರವಾಗಿಲ್ಲ ಅಕ್ಕ ಅಂದೆ. ಅವಳಿಗೆ ಭಯವಾದರೆ ನಾನು ಹೇಗೆ ಬೈಯಲಿ, ನನಗೇ ಭಯವಿತ್ತು. ಭವನಕ್ಕೆ ಬೀಗ ಹಾಕಿದೆ. ನಾಲ್ಕು ಜನರ ಮುಂದೆ ಧೈರ್ಯವಾಗಿ ನಿಂತು ಮಾತಾಡಿ ಎಂದು ಊರೂರಿಗೆ ಹೋಗಿ ಹೇಳಿಕೊಡುವವಳು ನಾನೇ ಅಲ್ಲವೇ ಎಂದು ನನ್ನ ಮೇಲೆ ನನಗೇ ರೇಗಿತು.

ಮನೆಗೆ ಬಂದಾಗ ಅಪ್ಪ ನೆಯ್ಯುತ್ತಿದ್ದ. ಮಗ್ಗದ ಸದ್ದಿನಲ್ಲಿ ಏನೋ ವ್ಯತ್ಯಾಸವಿತ್ತು. ಒಂದು ಏಟು ಬೀಳುತ್ತದೆ, ಬಿಡುವು, ಮತ್ತೆ ಒಂದು ಏಟು. ಹುಷಾರಿಲ್ಲವೇನೋ ಎಂದುಕೊಂಡೆ. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ ಹಾಗೇ. ಹಾಸು ಸುತ್ತಿದ್ದ ಉರುಳೆಯ ಹತ್ತಿರ ಹೋಗಿ ನೋಡಿದೆ. ರೇಷ್ಮೆ ತೆಳ್ಳಗಾಗಿ ಒಳಗಿನ ಮರ ಕಾಣುತ್ತಿತ್ತು. ಹಾಸು ಮುಗಿಯದಿರಲಿ ಎಂದು ಅಪ್ಪ ಬೇಕೆಂದೇ ನಿಧಾನಕ್ಕೆ ನೆಯ್ಯುತ್ತಿದ್ದಾನೆ ಎಂದು ಆಗ ಹೊಳೆಯಿತು. ಅಂದರೆ ಅವನಿಗೆ ಗೊತ್ತಿದೆ. ಹೊಸ ಹಾಸು ಬರುವುದಿಲ್ಲವೆಂದೂ ಗೊತ್ತಿದೆ, ಯಾಕೆ ಬರುವುದಿಲ್ಲವೆಂದೂ ಗೊತ್ತಿದೆ. ಆದರೂ ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

"ಅಮ್ಮಾ, ಅಪ್ಪಂಗೆ ಗೊತ್ತಾ?" ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದೆ.

"ಟೀ ಅಂಗಡೀಲಿ ಯಾರೋ ಕೇಳ್ಸಿದ್ರಂತೆ" ಅಂದಳು ಅಮ್ಮ ಒಲೆಯಿಂದ ಮುಖ ತೆಗೆಯದೆ. "ನಿಮ್ಮಪ್ಪ ಪೂರಾ ಕೇಳ್ದ್ರಂತೆ. ಇನ್ನೊಂದ್ ದಪ ಹಾಕೂ ಅಂದ್ರಂತೆ."

ಇನ್ನೊಂದು ಸಲ ಯಾಕೆ ಕೇಳಿದ ಎಂದು ನನಗೆ ಅರ್ಥವಾಗಲಿಲ್ಲ. ಅವಳಿಗೂ ಆಗಿರಲಿಲ್ಲ.

ಮೊದಲಾಳಿ ಬಂದದ್ದು ಒಂದು ಬೆಳಿಗ್ಗೆ, ನಾವು ಇಡ್ಲಿ ತಿನ್ನುತ್ತಿದ್ದಾಗ. ಅವರು ನೇಕಾರರ ಮನೆಗೆ ಬರುವವರಲ್ಲ, ನಾವೇ ಅವರ ಅಂಗಡಿಗೆ ಹೋಗಬೇಕು. ಅಪ್ಪ ತಟ್ಟೆ ಬಿಟ್ಟು ಎದ್ದ. ಅಮ್ಮ ಕುರ್ಚಿಯ ಮೇಲಿದ್ದ ಬಟ್ಟೆ ಬಾಚಿಕೊಂಡು ಒಳಗೆ ಓಡಿದಳು. ಅವರು ಕೂತರು, ಮಗ್ಗವನ್ನೊಮ್ಮೆ, ಉರುಳೆಯನ್ನೊಮ್ಮೆ ನೋಡಿದರು, ಆಮೇಲೆ ಬಾಯಿ ತೆರೆದರು.

"ಎನ್ನಂಗ, ನಲ್ಲಾ ಇರುಕ್ಕೀಂಗಳಾ?"

ತಮಿಳು! ಚೆನ್ನಾಗಿದ್ದೀರಾ ಎಂದು ಕೇಳಿದ್ದು, ಅಷ್ಟೇ. ಆದರೆ ನಮ್ಮವರು ನಮ್ಮವರ ಮನೆಯೊಳಗೆ ಕೂತು ತಮಿಳು ಮಾತಾಡುವುದಿಲ್ಲ. ಅದು ಹೊರಗಿನವರಿಗೆ. ಆಡುವ ವಯಸ್ಸಿನಿಂದ ನನ್ನನ್ನು ಕಣ್ಣು ಎಂದು ಕರೆದವರು "ಉಂಗ ಪೊಣ್ಣು" ಎಂದು ನನ್ನತ್ತ ಗದ್ದ ತೋರಿಸಿದರು, ನಿಮ್ಮ ಹುಡುಗಿ ಎಂದು. ಅವರು ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಎಷ್ಟು ಮರ್ಯಾದೆಯ ತಮಿಳು ಅದು, ಮಾತುಮಾತಿಗೂ "ಂಗ" ಹಚ್ಚಿ ಆಡುತ್ತಿದ್ದರು. ಈ ಬೀದಿಯಲ್ಲಿ ನಿಮಗೆ ಇನ್ನು ಯಾರೂ ಇಲ್ಲ ಎಂದು ನನಗೆ ಅದರಲ್ಲಿ ಸ್ಪಷ್ಟವಾಗಿ ಕೇಳಿಸಿತು.

ಅವರು ಹೇಳಿದ್ದು ಸಣ್ಣ ವಿಷಯ. ಹುಡುಗಿ ಹಾಡು ಕಟ್ಟುವವಳು, ಕಲ್ಪನೆ ಇರುತ್ತದೆ, ತಪ್ಪೇನಿಲ್ಲ. ಜನ ಸುಮ್ಮನೆ ನಿಜವೆಂದು ನಂಬುತ್ತಿದ್ದಾರೆ. ಶುಕ್ರವಾರ ಭವನದಲ್ಲಿ ಎಲ್ಲರೂ ಸೇರುತ್ತಾರೆ. ಅಲ್ಲಿ ಹುಡುಗಿಯ ತಂದೆ ಎದ್ದು ನಿಂತು, ಹಾಗೆಲ್ಲ ನಡೆದೇ ಇಲ್ಲ, ಮಗಳು ಕಟ್ಟಿ ಹೇಳಿದ್ದು ಎಂದು ಒಂದು ಮಾತು ಹೇಳಿದರೆ ಸಾಕು. ಹಾಸು ಸಿದ್ಧವಾಗಿದೆ, ಅಂದು ಮಧ್ಯಾಹ್ನವೇ ಕಳಿಸುತ್ತೇನೆ.

ನನಗೆ ಕಾಲು ಹಿಡಿದುಕೊಳ್ಳಬೇಕೆನ್ನುವಷ್ಟು ಸಮಾಧಾನವಾಯಿತು. ಇಷ್ಟೇನಾ! ಒಂದು ಸುಳ್ಳು, ಅದೂ ನನ್ನ ತಲೆಯ ಮೇಲೆ. ಹಾಸು ಬರುತ್ತದೆ, ಹುಡುಗಿಯರು ಬರುತ್ತಾರೆ, ಅಪ್ಪ ಸೀರೆ ತುಳಿದದ್ದು ನಡೆದೇ ಇಲ್ಲ ಎಂದಾಗುತ್ತದೆ. ನಾನು ಕಾಯಲೂ ಇಲ್ಲ.

"ಹೌದು ದೊಡ್ಡಪ್ಪ, ನಾನೇ ಕಟ್ಟಿದ್ದು" ಅಂದೆ. ಆಮೇಲೆ ಅವರು ತಮಿಳಿನಲ್ಲಿ ಮಾತಾಡುತ್ತಿದ್ದಾರೆಂದು ನೆನಪಾಗಿ ಅದನ್ನೇ ತಮಿಳಿನಲ್ಲೂ ಹೇಳಿದೆ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸುವಷ್ಟು ಸಣ್ಣದಾಗಿತ್ತು.

ಮೊದಲಾಳಿ ತಲೆಯಾಡಿಸಿ ಅಪ್ಪನ ಕಡೆ ನೋಡಿದರು. ಅಪ್ಪನ ಎಂಜಲು ಕೈ ಒಣಗುತ್ತಿತ್ತು. ಅಮ್ಮ ಕಾಫಿ ತಂದು ಅವರ ಪಕ್ಕ ಇಟ್ಟಳು. ಹ್ಞೂಂ ಅನ್ನಪ್ಪ ಎಂದು ನಾನು ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಇಲ್ಲ ಅಣ್ಣ" ಅಂದ ಅಪ್ಪ. ಕನ್ನಡದಲ್ಲಿ.

ಏನು ಎಂದು ಮೊದಲಾಳಿ ತಮಿಳಿನಲ್ಲೇ ಕೇಳಿದರು.

"ಮಗು ಕಟ್ಟಿ ಹೇಳಿಲ್ಲ. ನೀವು ತುಳೀ ಅಂದ್ರಿ, ನಾ ತುಳ್ದೆ. ಮನೇಗ್ ಬಂದ್ ನಾನೇ ಹೇಳ್ದೆ." ಅಪ್ಪ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಸುಕ್ರವಾರ ಕರುದ್ರೆ ಅಲ್ಲೂ ಅದ್ನೇ ಹೇಳ್ತೀನಿ ಅಣ್ಣ."

ಅವರು ಇನ್ನೂ ಎರಡು ಮೂರು ಮಾತು ತಮಿಳಿನಲ್ಲಿ ಆಡಿದರು, ಅಪ್ಪ ಪ್ರತಿಸಲವೂ ಕನ್ನಡದಲ್ಲೇ ಅಣ್ಣ ಅಂದ. ಕಾಫಿ ಮುಟ್ಟದೆ ಅವರು ಎದ್ದು ಹೋದರು. ಬೈಕಿನ ಸದ್ದು ಬೀದಿಯ ತಿರುವು ದಾಟುವವರೆಗೆ ನಾವು ಮೂವರೂ ಅಲ್ಲಾಡಲಿಲ್ಲ. ಆಮೇಲೆ ಅಪ್ಪ ಗೋಡೆಗೆ ಕೈ ಊರಿ ನಿಧಾನಕ್ಕೆ ನೆಲದ ಮೇಲೆ ಕೂತ.

ನನಗೆ ಸಿಟ್ಟು ಬಂತು. ಹೆದರಿದಾಗ ನನಗೆ ಬರುವುದು ಸಿಟ್ಟೇ.

"ಯಾಕಪ್ಪ ಹಂಗಂದೆ? ಇನ್ಮೇಲೆ ಪಾವು ಯಾರು ಕೊಡ್ತಾರೆ? ಒಂದ್ ಸುಳ್ಳು ತಾನೇ, ನಾನೇ ಹೇಳ್ದೆ ತಾನೇ!"

ಅಪ್ಪ ತನ್ನ ಪಾದಗಳನ್ನು ನೋಡಿಕೊಂಡ.

"ನಂಗೂ ಬಯವೇ ಕಣ್ಣು" ಅಂದ. "ಅಂಗಡೀಲಿ ಅವತ್ತು ನಮ್ಮೋರೂ ಕೂತಿದ್ರು. ಯಾರೂ ನೋಡ್ಲಿಲ್ಲ ಅನ್ನೋ ಹಂಗೇ ಇದ್ರು. ನೀನೂ ಆಗ್ಲಿಲ್ಲಾಂತ ಅಂದ್ಬುಟ್ರೆ, ನಂಗೆ ಆದದ್ದು ಎಲ್ಲೋಗುತ್ತೆ?"

ಅಪ್ಪ ಪಕ್ಕಕ್ಕೆ ಸರಿದು ನೆಲದ ಮೇಲೆ ಜಾಗ ಮಾಡಿದ. ಮಗ್ಗದ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ.

"ಅವ್ರು ಮಾಡಿದ್ದು ಅದೊಂದೇ ಅಲ್ಲ. ನಿಮ್ಮಮ್ಮಂಗೂ ಹೇಳ್ದೆ ಇರೋದು ಐತೆ. ಕೂತ್ಕೋ, ಮಿಕ್ಕದ್ದೂ ಹೇಳ್ತೀನಿ."

ನಾನು ಕೂತೆ. ಅಷ್ಟು ಭಯ ನನಗೆ ಅದುವರೆಗೆ ಎಂದೂ ಆಗಿರಲಿಲ್ಲ.